ಅಟ್ಟದ ಮೇಲಿನ ನೀಲಿ ದೀಪ: ಹೀಟ್ ಪಂಪ್ ಕಾಯಿಲ್‌ಗೆ ಯುವಿ ಹಾಕಿದ ಕೆಲಸ

2024ರ ಏಪ್ರಿಲ್ ಎರಡನೇ ವಾರ. ಬೆಳಗ್ಗೆ ಆರೂವರೆಗೆ ಹೀಟರ್ ಶುರುವಾಯಿತು. ಎರಡೇ ನಿಮಿಷಕ್ಕೆ ಮಹಡಿ ತುಂಬಾ ಮುಗ್ಗಲು ವಾಸನೆ. ಆಷಾಢದಲ್ಲಿ ಉಡುಪಿಯ ನಮ್ಮ ಮನೆಯಲ್ಲಿ ಒಳಗೆ ಹಗ್ಗ ಕಟ್ಟಿ ಹಾಕಿದ ಬಟ್ಟೆ ಮೂರು ದಿನವಾದರೂ ಒಣಗದೆ ಒಂದು ವಾಸನೆ ಬರುತ್ತದಲ್ಲ, ಥೇಟ್ ಅದೇ. ಹತ್ತು ನಿಮಿಷಕ್ಕೆ ತಾನಾಗಿ ಹೋಯಿತು. ಮರುದಿನ ಬೆಳಗ್ಗೆ ಮತ್ತೆ ಬಂತು.

ನಾವಿರುವುದು ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ, ರಾಲಿ ಪಕ್ಕದ ಕ್ಯಾರಿ ಊರಿನಲ್ಲಿ. ಇಲ್ಲಿ ಹೀಟ್ ಪಂಪ್ ಜಾಸ್ತಿ. ಒಂದೇ ಯಂತ್ರ ಬೇಸಿಗೆಯಲ್ಲಿ ತಂಪು ಕೊಡುತ್ತದೆ, ಚಳಿಗಾಲದಲ್ಲಿ ಬಿಸಿ ಕೊಡುತ್ತದೆ. ಏಪ್ರಿಲ್‌ನಲ್ಲಿ ಮಾತ್ರ ಒಂದೇ ದಿನದಲ್ಲಿ ಎರಡೂ ಆಗುತ್ತದೆ. ಮಧ್ಯಾಹ್ನ ಎಸಿ ಓಡಿ ಕಾಯಿಲ್, ಅಂದರೆ ಗಾಳಿಯನ್ನು ತಂಪು ಅಥವಾ ಬಿಸಿ ಮಾಡುವ ಲೋಹದ ಸುರುಳಿ, ಒದ್ದೆಯಾಗುತ್ತದೆ. ಬೆಳಗಿನ ಚಳಿಗೆ ಅದೇ ಒದ್ದೆ ಕಾಯಿಲ್ ಬಿಸಿಯಾಗುತ್ತದೆ. ಕಾಯಿಲ್ ಮೇಲೆ ಲೋಳೆ ಕಟ್ಟಿಕೊಂಡು ಕೂತ ಬ್ಯಾಕ್ಟೀರಿಯಾ ಆಗ ತನ್ನ ವಾಸನೆಯನ್ನೆಲ್ಲ ಗಾಳಿಗೆ ಬಿಡುತ್ತದೆ. ಇಲ್ಲಿನ ಮೆಕ್ಯಾನಿಕ್‌ಗಳು ಇದಕ್ಕೆ ‘ಡರ್ಟಿ ಸಾಕ್ ಸಿಂಡ್ರೋಮ್’ ಅಂತಲೇ ಹೆಸರಿಟ್ಟಿದ್ದಾರೆ. ಕೊಳಕು ಕಾಲುಚೀಲದ ಕಾಯಿಲೆ!

ನನಗೆ ಆಶ್ಚರ್ಯವಾಗಿದ್ದು ಬೇರೆ ವಿಷಯಕ್ಕೆ. ನಮ್ಮ ಅಟ್ಟದಲ್ಲಿ ಆಗಲೇ ಒಂದು ಯುವಿ ದೀಪ, ಅಂದರೆ ಕ್ರಿಮಿ ಕೊಲ್ಲುವ ನೇರಳಾತೀತ ಕಿರಣದ ದೀಪ, ಇತ್ತು. 2021ರಲ್ಲಿ ಮನೆ ಕೊಂಡಾಗಲೇ ಇತ್ತು. ಸಣ್ಣ ಕಿಂಡಿಯಲ್ಲಿ ನೀಲಿ ಬೆಳಕು ಕಾಣುತ್ತಿತ್ತು. ಅದು ಉರಿಯುತ್ತಿದೆ, ಗಾಳಿ ಶುದ್ಧವಾಗುತ್ತಿದೆ ಅಂತ ನಾವು ಮೂರು ವರ್ಷ ನೆಮ್ಮದಿಯಾಗಿದ್ದೆವು. ದೀಪ ಇದ್ದೂ ಈ ವಾಸನೆ ಯಾಕೆ? ಒಬ್ಬ ಕಾಂಟ್ರಾಕ್ಟರ್‌ನ ಕರೆಸಿದೆ. ಅವರು ಪೆಟ್ಟಿಗೆ ಬಿಚ್ಚಿ ನೋಡಲಿಲ್ಲ. ‘ಹಳೇ ದೀಪ ತೆಗೆದು ಅದೇ ಜಾಗಕ್ಕೆ ಹೊಸದು ಹಾಕೋಣ, ಮನೆಯ ಗಾಳಿಯೆಲ್ಲ ಶುದ್ಧವಾಗುತ್ತದೆ’ ಅಂದರು. 1,100 ಡಾಲರ್ ಹೇಳಿದರು. ಯೋಚಿಸಿ ಹೇಳುತ್ತೇನೆ ಅಂತ ಕಳಿಸಿದೆ.

ಶನಿವಾರ ನಾನೇ ಅಟ್ಟ ಹತ್ತಿದೆ. ಹೊತ್ತೇರಿದರೆ ಅಲ್ಲಿ ಕೂರಲು ಆಗುವುದಿಲ್ಲ, ಹಾಗಾಗಿ ಏಳು ಗಂಟೆಗೇ ಶುರು. ಮೊದಲು ಬ್ರೇಕರ್ ಆಫ್. ಹೀಟ್ ಪಂಪ್‌ಗೆ ಎರಡು ಬ್ರೇಕರ್ ಇರುತ್ತದೆ, ಹೊರಗಿನ ಘಟಕಕ್ಕೊಂದು, ಒಳಗಿನ ಏರ್ ಹ್ಯಾಂಡ್ಲರ್‌ಗೊಂದು. ಒಳಗಿನದರಲ್ಲಿ ವಿದ್ಯುತ್ ಹೀಟರ್ ಪಟ್ಟಿಗಳೂ ಇರುವುದರಿಂದ ಅದು ದೊಡ್ಡ ಬ್ರೇಕರ್, 240 ವೋಲ್ಟ್. ಎರಡನ್ನೂ ಇಳಿಸಿ, ಮಲ್ಟಿಮೀಟರ್ ಹಿಡಿದು ಸೊನ್ನೆ ಅಂತ ಖಾತ್ರಿ ಮಾಡಿಕೊಂಡೆ. ಯುವಿ ದೀಪಕ್ಕೆ ಬೇರೆ ಪ್ಲಗ್ ಇತ್ತು, ಅದನ್ನೂ ಕಿತ್ತೆ. ಈ ಮೂರನೆಯದನ್ನು ಮರೆಯುವವರೇ ಜಾಸ್ತಿ. ಬ್ರೇಕರ್ ಇಳಿಸಿದ ಮಾತ್ರಕ್ಕೆ ದೀಪ ಆರಿರುವುದಿಲ್ಲ.

ಪೆಟ್ಟಿಗೆ ಬಿಚ್ಚಿದ ಮೇಲೆ ಗುಟ್ಟು ಗೊತ್ತಾಯಿತು. ನಮ್ಮ ಏರ್ ಹ್ಯಾಂಡ್ಲರ್ ಅಡ್ಡ ಮಲಗಿಸಿದ್ದು. ಮನೆಯಿಂದ ಬರುವ ಗಾಳಿ ಮೊದಲು ಕಾಯಿಲ್ ದಾಟುತ್ತದೆ, ಆಮೇಲೆ ಗಾಳಿ ತಳ್ಳುವ ಫ್ಯಾನ್ ಅಂದರೆ ಬ್ಲೋವರ್, ಆಮೇಲೆ ಹೀಟರ್ ಪಟ್ಟಿ, ಕೊನೆಗೆ ತಗಡಿನ ದೊಡ್ಡ ಡಬ್ಬಿ. ಆ ಡಬ್ಬಿಯಿಂದ ಕೋಣೆಗಳಿಗೆ ಕೊಳವೆ ಹೋಗುತ್ತವೆ. ಹಳೇ ದೀಪ ಇದ್ದದ್ದು ಆ ಕೊನೆಯ ಡಬ್ಬಿಯಲ್ಲಿ. ಅದಕ್ಕೂ ಕಾಯಿಲ್‌ಗೂ ನಡುವೆ ಇಡೀ ಬ್ಲೋವರ್ ಅಡ್ಡ. ಬೆಳಕು ನೆಟ್ಟಗೆ ಹೋಗುವ ವಸ್ತು, ಮೂಲೆ ತಿರುಗುವುದಿಲ್ಲ. ಅಂದರೆ ಆ ದೀಪಕ್ಕೆ ಕಾಯಿಲ್ ಒಂದು ದಿನವೂ ಕಂಡಿರಲಿಲ್ಲ.

ಕಂಡದ್ದು ಏನು ಅಂದರೆ, ಮಕ್ಕಳ ಬೆಡ್‌ರೂಮಿಗೆ ಹೋಗುವ ಫ್ಲೆಕ್ಸ್ ಕೊಳವೆಯ ಬಾಯಿ. ಫ್ಲೆಕ್ಸ್ ಅಂದರೆ ತಂತಿ ಸುರುಳಿಯ ಮೇಲೆ ತೆಳು ಪ್ಲಾಸ್ಟಿಕ್, ಅದರ ಸುತ್ತ ಗಾಜಿನ ಉಣ್ಣೆ. ಒಳಗಿನ ಪದರವನ್ನು ಬೆರಳಿನಿಂದ ಮುಟ್ಟಿದೆ ಅಷ್ಟೇ, ಹಪ್ಪಳದ ಹಾಗೆ ಪುಡಿಯಾಯಿತು. ಬೆರಳ ತುದಿಗೆ ಬೂದಿಯಂಥ ಹುಡಿ ಅಂಟಿತು. ಅದರ ಹಿಂದೆ ಹಳದಿ ಗಾಜಿನ ಉಣ್ಣೆ ಇಣುಕುತ್ತಿತ್ತು. ಅದರ ಮೇಲೆ ಹಾದ ಗಾಳಿಯೇ ಮಕ್ಕಳ ಕೋಣೆಗೆ ಹೋಗುತ್ತಿತ್ತು. ಅದನ್ನು ನೋಡಿದಾಗ ನಿಜವಾಗಿ ಹೊಟ್ಟೆ ಉರಿಯಿತು. ಗಾಳಿ ಶುದ್ಧ ಮಾಡಲು ಇಟ್ಟ ದೀಪ ಕೊಳವೆಯನ್ನೇ ತಿಂದಿತ್ತು.

ದೀಪಕ್ಕೆ ಕರೆಂಟ್ ಹದ ಮಾಡಿ ಕೊಡುವ ಬ್ಯಾಲಸ್ಟ್ ಮೇಲೆ ಪೆನ್ನಿನಲ್ಲಿ 2020 ಅಂತ ಬರೆದಿತ್ತು. ಹಗಲು ರಾತ್ರಿ ಉರಿದರೆ ವರ್ಷಕ್ಕೆ 8,760 ಗಂಟೆ. ನಾಲ್ಕು ವರ್ಷಕ್ಕೆ 35 ಸಾವಿರ. ಈ ಜಾತಿಯ ದೀಪಗಳ ಆಯಸ್ಸು ಸಾಮಾನ್ಯವಾಗಿ 9,000 ಗಂಟೆ, ಒಳ್ಳೆಯ ಲೇಪನ ಇದ್ದರೆ 16ರಿಂದ 18 ಸಾವಿರ. ಆಯಸ್ಸು ಮುಗಿದ ಮೇಲೂ ನೀಲಿ ಬೆಳಕು ಕಾಣುತ್ತಲೇ ಇರುತ್ತದೆ. ಕೆಲಸ ಮಾಡುವ ಕಿರಣ ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ. ಅದರ ಅಲೆಯುದ್ದ 254 ನ್ಯಾನೋಮೀಟರ್. ನಾವು ನೋಡುವ ನೀಲಿ ಪಾದರಸದ ಆವಿಯಿಂದ ಜೊತೆಗೆ ಬರುವ ಬೇರೆ ಬೆಳಕು. ನೀಲಿ ಕಾಣುತ್ತದೆ ಅನ್ನುವುದರಿಂದ ಕೊಲ್ಲುವ ಕಿರಣ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

ಊರಿನವರಿಗೆ ಈ ದೀಪ ಹೊಸದಲ್ಲ. ಅಡಿಗೆಮನೆ ಗೋಡೆಯಲ್ಲಿರುವ ಯುವಿ ನೀರಿನ ಫಿಲ್ಟರ್ ಒಳಗೆ ಇರುವುದೂ ಇದೇ ಪಾದರಸದ ದೀಪ, ಇದೇ 254. ಅಲ್ಲಿ ನೀರು ಸಣ್ಣ ನಳಿಗೆಯಲ್ಲಿ ದೀಪಕ್ಕೆ ಒತ್ತಿಕೊಂಡು ನಿಧಾನ ಹರಿಯುತ್ತದೆ. ಗಾಳಿಯ ಕಥೆ ಹಾಗಲ್ಲ. ಲೆಕ್ಕ ಹಾಕಿ ನೋಡೋಣ. ನಮ್ಮದು 3 ಟನ್ ಯಂತ್ರ, ನಿಮಿಷಕ್ಕೆ ಸುಮಾರು 1,200 ಘನ ಅಡಿ ಗಾಳಿ. ಡಬ್ಬಿಯ ಅಗಲ 20 ಇಂಚು, ಎತ್ತರ 20 ಇಂಚು. ಅಂದರೆ ಗಾಳಿ ಸೆಕೆಂಡಿಗೆ ಏಳು ಅಡಿ ಓಡುತ್ತದೆ. ದೀಪದ ಬೆಳಕು ಜೋರಾಗಿರುವ ಎರಡು ಅಡಿ ಜಾಗವನ್ನು ಕಾಲು ಸೆಕೆಂಡಿನ ಆಸುಪಾಸಿನಲ್ಲಿ ದಾಟಿಬಿಡುತ್ತದೆ. ಬೆಳಕು ಚದರ ಸೆಂಟಿಮೀಟರಿಗೆ 500 ಮೈಕ್ರೋವ್ಯಾಟ್ ಇದೆ ಅಂತ ಇಟ್ಟುಕೊಂಡರೂ ಗಾಳಿಯಲ್ಲಿ ತೇಲುವ ಒಂದು ಕಣಕ್ಕೆ ಸಿಗುವುದು 0.14 ಮಿಲಿಜೂಲ್. ಕಪ್ಪು ಬೂಷ್ಟಿನ ಬೀಜಾಣು ಸಾಯಲು ನೂರು ಮಿಲಿಜೂಲ್‌ಗಿಂತ ಜಾಸ್ತಿ ಬೇಕು. ಈಗ ಅದೇ ಬೆಳಕನ್ನು ಕಾಯಿಲ್ ಕಡೆ ತಿರುಗಿಸಿ. ಕಾಯಿಲ್ ಎಲ್ಲಿಗೂ ಓಡುವುದಿಲ್ಲ. ದಿನಕ್ಕೆ 86,400 ಸೆಕೆಂಡ್ ಅಲ್ಲೇ ಇರುತ್ತದೆ. ಅದಕ್ಕೆ ಸಿಗುವುದು 43 ಸಾವಿರ ಮಿಲಿಜೂಲ್!

ನನಗೆ ಈ ವಿಷಯ ಅರ್ಥವಾಗಿದ್ದು ಈ ಎರಡು ಅಂಕಿ ಅಕ್ಕಪಕ್ಕ ಬರೆದಾಗ. ಮನೆಯ ಯಂತ್ರದಲ್ಲಿ ಯುವಿ ಗಾಳಿಗಲ್ಲ, ಕಾಯಿಲ್‌ಗೆ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಕೂಡ ಮನೆಯ ಏರ್ ಕ್ಲೀನರ್ ಬಗೆಗಿನ ತನ್ನ ಕೈಪಿಡಿಯಲ್ಲಿ ಇದನ್ನೇ ಹೇಳುತ್ತದೆ. ಮನೆಗೆ ಮಾರುವ ಸಾಮಾನ್ಯ ಯುವಿ ಉಪಕರಣ ಗಾಳಿಯಲ್ಲಿನ ಬ್ಯಾಕ್ಟೀರಿಯಾ, ಬೂಷ್ಟಿನ ಮೇಲೆ ಮಾಡುವ ಕೆಲಸ ಸೀಮಿತ. ಬೂಷ್ಟಿನ ಬೀಜಾಣುವಿಗೆ ಅದಕ್ಕಿಂತ ಎಷ್ಟೋ ಪಟ್ಟು ಬೆಳಕು ಬೇಕು. ಇನ್ನು ಸತ್ತ ಬೀಜಾಣುವೂ ಅಲರ್ಜಿ ತರಬಲ್ಲದು. ಕಾಯಿಲ್ ವಿಷಯದಲ್ಲಿ ಮಾತ್ರ ಒಳ್ಳೆಯ ಸಾಕ್ಷಿ ಇದೆ. ಕೆನಡಾದ ಮಾಂಟ್ರಿಯಲ್‌ನ ಮೂರು ಆಫೀಸ್ ಕಟ್ಟಡಗಳಲ್ಲಿ ಕಾಯಿಲ್ ಮತ್ತು ನೀರಿನ ತಟ್ಟೆಗೆ ಯುವಿ ಬಿಟ್ಟು, ಹಚ್ಚಿ ಆರಿಸಿ ಹೋಲಿಸಿದರು. 771 ಜನ ಕೆಲಸಗಾರರು ಅದರಲ್ಲಿದ್ದರು. 2003ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಅದು ಬಂತು. ಬೆಳಕು ಬಿದ್ದ ಜಾಗದಲ್ಲಿ ಸೂಕ್ಷ್ಮಜೀವಿಗಳು 99 ಶೇಕಡಾ ಇಳಿದವು. ಆಫೀಸಿನಲ್ಲಿದ್ದಾಗ ಕಾಣುವ ಮೂಗು, ಗಂಟಲಿನಂಥ ತೊಂದರೆಗಳು ಸುಮಾರು 20 ಶೇಕಡಾ ಕಡಿಮೆಯಾದವು.

ಹಾಗಾದರೆ ಮಾಡುವ ಕೆಲಸ ಸ್ಪಷ್ಟವಾಯಿತು. ಕಾಯಿಲ್ ತೊಳೆಯಬೇಕು. ದೀಪವನ್ನು ಕಾಯಿಲ್ ಮತ್ತು ಬ್ಲೋವರ್ ನಡುವೆ ಇಡಬೇಕು. ಸುತ್ತಲಿನ ಪ್ಲಾಸ್ಟಿಕ್ ಕಾಪಾಡಬೇಕು. ಹಾಳಾದ ಕೊಳವೆ ಸರಿ ಮಾಡಬೇಕು.

ಕಾಯಿಲ್ ತೊಳೆಯುವುದಕ್ಕೇ ಒಂದು ಇಡೀ ಬೆಳಗ್ಗೆ ಹೋಯಿತು. ಇದನ್ನು ಬಿಟ್ಟು ದೀಪ ಹಾಕುವುದರಲ್ಲಿ ಅರ್ಥವಿಲ್ಲ. ಬೆಳಕು ಧೂಳಿನ ಪದರ ದಾಟುವುದಿಲ್ಲ. ಮೇಲಿನ ಬೂಷ್ಟು ಸತ್ತರೂ ಅದರ ನೆರಳಿನಲ್ಲಿ ಕೆಳಗಿನದು ಆರಾಮಾಗಿ ಬೆಳೆಯುತ್ತದೆ. ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಮೆತ್ತನೆಯ ಬ್ರಷ್ಷನ್ನು ರೆಕ್ಕೆ ನಿಂತ ದಿಕ್ಕಿನಲ್ಲೇ ಎಳೆದೆ. ಅಡ್ಡ ಎಳೆದರೆ ಬಾಗಿಬಿಡುತ್ತವೆ. ಆಮ್ಲ ಇಲ್ಲದ ನೊರೆ ಕ್ಲೀನರ್ ಸಿಂಪಡಿಸಿ ಹದಿನೈದು ನಿಮಿಷ ಬಿಟ್ಟೆ. ತೋಟಕ್ಕೆ ಔಷಧಿ ಹೊಡೆಯುವ ಪಂಪಿನಲ್ಲಿ ನೀರು ತುಂಬಿ, ಗಾಳಿ ಬರುವ ದಿಕ್ಕಿಗೆ ಎದುರಾಗಿ ತೊಳೆದೆ. ತಟ್ಟೆಗೆ ಇಳಿದ ನೀರು ಕಪ್ಪು ಕಾಫಿ ಡಿಕಾಕ್ಷನ್ ಬಣ್ಣ. ಎರಡನೇ ಸಲವೂ ಕಪ್ಪು. ನಾಲ್ಕನೇ ಸಲಕ್ಕೆ ತಿಳಿಯಾಯಿತು.

ಆ ನೀರು ಹೋಗುವ ಪೈಪಿನಲ್ಲಿ ಪಾಚಿ ಕಟ್ಟಿಕೊಂಡಿತ್ತು. ಒದ್ದೆ ಎಳೆಯುವ ವ್ಯಾಕ್ಯೂಮ್ ಹಚ್ಚಿ ಹೊರಗಿನ ತುದಿಯಿಂದ ಎಳೆದೆ. ಬೆರಳುದ್ದದ ಲೋಳೆಯ ಹಗ್ಗ ಬಂತು. ಅಲ್ಲಿ ಬಳುಕಿದ ಪೈಪಿನ ಟ್ರ್ಯಾಪ್ ಇದೆಯಲ್ಲ, ಅದನ್ನು ಖಾಲಿ ಬಿಡಬಾರದು. ಬ್ಲೋವರ್ ಕಾಯಿಲ್‌ನಿಂದ ಗಾಳಿ ಎಳೆಯುವುದರಿಂದ ಆ ಜಾಗದಲ್ಲಿ ಒತ್ತಡ ಕಡಿಮೆ. ಟ್ರ್ಯಾಪಿನಲ್ಲಿ ನೀರು ಇಲ್ಲದಿದ್ದರೆ ಪೈಪಿನಿಂದ ಗಾಳಿ ಒಳಗೆ ನುಗ್ಗುತ್ತದೆ, ತಟ್ಟೆಯ ನೀರು ಹೊರಗೆ ಹೋಗದೆ ನಿಲ್ಲುತ್ತದೆ. ನಿಂತ ನೀರಲ್ಲೇ ಅಲ್ವಾ ಲೋಳೆ ಹುಟ್ಟುವುದು? ಒಂದು ಲೋಟ ನೀರು ಹೊಯ್ದು ತುಂಬಿಸಿದೆ.

ಹೊಸ ದೀಪ ಆಯ್ಕೆ ಮಾಡುವಾಗ ನಾನು ನೋಡಿದ್ದು ಒಂದೇ ಅಕ್ಷರ. ಮಾದರಿ ಸಂಖ್ಯೆ ಜಿಪಿಎಚ್436ಟಿ5 ಆದ ಮೇಲೆ ‘ಎಲ್’ ಇದ್ದರೆ ಅದು ಓಜೋನ್ ಮಾಡದ ದೀಪ. ‘ವಿಎಚ್’ ಇದ್ದರೆ ಓಜೋನ್ ಮಾಡುವ ದೀಪ. ವ್ಯತ್ಯಾಸ ಇರುವುದು ಗಾಜಿನಲ್ಲಿ. ಪಾದರಸ 254ರ ಜೊತೆ 185 ನ್ಯಾನೋಮೀಟರ್ ಕಿರಣವನ್ನೂ ಬಿಡುತ್ತದೆ, ಅದು ಗಾಳಿಯ ಆಕ್ಸಿಜನ್ ಒಡೆದು ಓಜೋನ್ ಮಾಡುತ್ತದೆ. ‘ಎಲ್’ ದೀಪದ ಗಾಜು ಆ 185 ಅನ್ನು ತಡೆಯುತ್ತದೆ. ಓಜೋನ್ ಇರುವುದು ‘ವಾಸನೆ ತೆಗೆಯಲು’ ಅಂತ ಕೆಲವರು ಮಾರುತ್ತಾರೆ. ದಯವಿಟ್ಟು ಕೊಳ್ಳಬೇಡಿ. ಓಜೋನ್ ಶ್ವಾಸಕೋಶಕ್ಕೆ ಕೆಟ್ಟದ್ದು. ಮನೆಯಲ್ಲಿ ಆಸ್ತಮಾ ಇರುವ ಮಗು ಇದ್ದರಂತೂ ಹತ್ತಿರ ಸೇರಿಸಬಾರದು. ಕ್ಯಾಲಿಫೋರ್ನಿಯಾದಲ್ಲಿ ಏರ್ ಕ್ಲೀನರ್ ಬಿಡುವ ಓಜೋನ್ 0.050 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಇಷ್ಟು ಭಾಗ) ಮೀರಬಾರದು ಅಂತ ಕಾನೂನೇ ಇದೆ.

436 ಅಂದರೆ ದೀಪದ ಉದ್ದ, ಮಿಲಿಮೀಟರ್‌ನಲ್ಲಿ. ನಮ್ಮ ಪೆಟ್ಟಿಗೆಯ ಒಳ ಅಗಲಕ್ಕೆ ಸರಿಯಾಗಿ ಕೂರುತ್ತದೆ. ಬ್ಯಾಲಸ್ಟ್ ಸೇರಿ ಎಳೆಯುವುದು ಸುಮಾರು 25 ವ್ಯಾಟ್. ವರ್ಷಪೂರ್ತಿ ಉರಿದರೆ 219 ಯೂನಿಟ್. ನಮ್ಮ ಬಿಲ್ಲಿನಲ್ಲಿ ಯೂನಿಟ್‌ಗೆ 13 ಸೆಂಟ್, ಅಲ್ಲಿಗೆ 28 ಡಾಲರ್ ಚಿಲ್ಲರೆ.

ಹಳೆಯದು, ಹೊಸದು ಎರಡನ್ನೂ ಹೋಲಿಸಿ ನೋಡುವ ಆಸೆ ಇತ್ತು. ಯುವಿ-ಸಿ, ಅಂದರೆ ಈ 254ರಂಥ ಕೊಲ್ಲುವ ಕಿರಣ, ಬಿದ್ದರೆ ಬಣ್ಣ ಬದಲಾಗುವ ಚೀಟಿಗಳು ಸಿಗುತ್ತವೆ. ಗ್ಯಾರೇಜಿನಲ್ಲಿ ಫ್ರಿಜ್ಜಿನ ದೊಡ್ಡ ರಟ್ಟಿನ ಡಬ್ಬಿಯೊಳಗೆ ಅರ್ಧ ಮೀಟರ್ ದೂರದಲ್ಲಿ ಚೀಟಿ ಅಂಟಿಸಿದೆ. ಮುಚ್ಚಳ ಟೇಪ್ ಹಾಕಿ ಮುಚ್ಚಿ, ಹೊರಗಿನಿಂದ ಪ್ಲಗ್ ಹಾಕಿ ಐದು ನಿಮಿಷ ಉರಿಸಿದೆ. ಹಳೇ ದೀಪಕ್ಕೆ ಚೀಟಿಯ ಬಣ್ಣ ಅಂಚಿನಲ್ಲಿ ಸ್ವಲ್ಪ ಮಂಕಾಯಿತು, ಅಷ್ಟೇ. ಹೊಸ ದೀಪಕ್ಕೆ ಇಡೀ ಚೀಟಿ ಬಣ್ಣ ತಿರುಗಿತು. ಎರಡೂ ದೀಪ ಕಣ್ಣಿಗೆ ಒಂದೇ ನೀಲಿ.

ಡಬ್ಬಿ ಮುಚ್ಚಿದ್ದು ಸುಮ್ನೆ ಅಲ್ಲ. ಈ ಬೆಳಕಿಗೆ ಬರಿಗಣ್ಣು ಒಡ್ಡಬಾರದು. ಅಂತರರಾಷ್ಟ್ರೀಯವಾಗಿ ಪಾಲಿಸುವ ಮಿತಿ ಪ್ರಕಾರ 254ಕ್ಕೆ ಒಂದು ದಿನದ ಕೆಲಸದಲ್ಲಿ ಚದರ ಸೆಂಟಿಮೀಟರಿಗೆ 6 ಮಿಲಿಜೂಲ್ ಮೀರಬಾರದು. ಮೇಲೆ ಹೇಳಿದ 500 ಮೈಕ್ರೋವ್ಯಾಟ್‌ನಲ್ಲಿ ಅದು 12 ಸೆಕೆಂಡಿಗೆ ಮುಗಿಯುತ್ತದೆ. ನೋಡುವಾಗ ಏನೂ ಅನ್ನಿಸುವುದಿಲ್ಲ. ಕೆಲವು ಗಂಟೆ ಕಳೆದು ಕಣ್ಣಿಗೆ ಮರಳು ಹಾಕಿದ ಹಾಗೆ ಚುಚ್ಚಲು ಶುರುವಾಗುತ್ತದೆ. ವೆಲ್ಡಿಂಗ್ ಮಾಡುವವರಿಗೆ ಈ ನೋವು ಗೊತ್ತಿರುತ್ತದೆ.

ಅದಕ್ಕೇ ನಾನು ಮೊದಲು ಕೂರಿಸಿದ್ದು ದೀಪವನ್ನಲ್ಲ, ಬಾಗಿಲಿನ ಸ್ವಿಚ್ಚನ್ನು. ಪೆಟ್ಟಿಗೆಯ ಮುಚ್ಚಳ ಒತ್ತಿದಾಗ ಮಾತ್ರ ಕೂಡುವ ಸಣ್ಣ ಗುಂಡಿ. ದೀಪದ ಕರೆಂಟ್ ಅದರ ಮೂಲಕವೇ ಹೋಗುತ್ತದೆ. ನಾಳೆ ಬೇರೆ ಯಾರೋ ಮೆಕ್ಯಾನಿಕ್ ಬಂದು ಮುಚ್ಚಳ ತೆಗೆದರೆ ದೀಪ ತಕ್ಷಣ ಆರಬೇಕು. ಅವರಿಗೆ ಅಲ್ಲಿ ದೀಪ ಇದೆ ಅಂತ ಗೊತ್ತಿರಲೇಬೇಕು ಅಂತೇನಿಲ್ಲವಲ್ಲ.

ದೀಪ ಹಿಡಿಯಲು ಅಯಸ್ಕಾಂತದ ಹಿಡಿಕೆ ಬಂದಿತ್ತು. ತಂತಿಗೆ ಮಾತ್ರ ಒಂದು ತೂತು ಬೇಕು. ತೂತು ಕೊರೆಯುವ ಮುಂಚೆ ಒಳಗಿನಿಂದ ನೋಡಿ, ತಾಮ್ರದ ಪೈಪು ಎಲ್ಲಿದೆ ಅಂತ ಹೊರಗಡೆ ಪೆನ್ಸಿಲ್‌ನಲ್ಲಿ ಗುರುತು ಮಾಡಿದೆ. ಹಿಂದೆ ಮರದ ತುಂಡು ಒತ್ತಿ ಹಿಡಿದು ಕೊರೆದೆ. ತಗಡು ಒಮ್ಮೆಲೇ ಬಿಟ್ಟಾಗ ಡ್ರಿಲ್ ಒಳಗೆ ನುಗ್ಗಿ ಕಾಯಿಲ್‌ಗೆ ಚುಚ್ಚಿದರೆ ಗ್ಯಾಸೆಲ್ಲ ಹೋಗಿ ಸಾವಿರಾರು ಡಾಲರ್ ಕೆಲಸ. ಬಿದ್ದ ತಗಡಿನ ಚೂರುಗಳನ್ನು ಆಯಸ್ಕಾಂತದಿಂದ ಎತ್ತಿದೆ. ತೂತಿಗೆ ರಬ್ಬರ್ ಬಳೆ ಹಾಕಿದೆ. ಕೊನೆಗೆ ದೀಪದ ಗಾಜನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದೆ. ಬೆರಳಿನ ಜಿಡ್ಡು ಉಳಿದರೆ ಅಷ್ಟು ಜಾಗದಲ್ಲಿ ಕಿರಣ ತಡೆಯುತ್ತದೆ.

ಇನ್ನು ಪ್ಲಾಸ್ಟಿಕ್. ದೀಪದ ಜಾಗದಲ್ಲಿ ಕಣ್ಣಿಟ್ಟು ಟಾರ್ಚ್ ಹಿಡಿದು ಸುತ್ತ ನೋಡಿದೆ. ಬೆಳಕಿಗೆ ಏನೇನು ಕಾಣುತ್ತದೋ ಅದೆಲ್ಲ ಪಟ್ಟಿ. ಬ್ಲೋವರ್ ಮೋಟರಿನ ತಂತಿಗಳು. ನೀರಿನ ತಟ್ಟೆಯ ಅಂಚು. ಪೈಪು ಹೊರಗೆ ಹೋಗುವ ಕಡೆ ಇರುವ ಫೋಮ್. ಎಲ್ಲಕ್ಕೂ ಅಲ್ಯೂಮಿನಿಯಂ ಫಾಯಿಲ್ ಟೇಪ್ ಸುತ್ತಿದೆ. ಬಟ್ಟೆಯ ಡಕ್ಟ್ ಟೇಪ್ ಅಲ್ಲ, ನಿಜವಾದ ಲೋಹದ ಟೇಪ್. ಇದರಿಂದ ಇನ್ನೊಂದು ಲಾಭ ಇದೆ. ಅಲ್ಯೂಮಿನಿಯಂ ಈ ಕಿರಣವನ್ನು ಚೆನ್ನಾಗಿ ಹಿಂದಕ್ಕೆ ಎಸೆಯುತ್ತದೆ. ಕಾಯಿಲ್‌ನ ಮೂಲೆಗಳಿಗೂ ಸ್ವಲ್ಪ ಬೆಳಕು ಸಿಗುತ್ತದೆ.

ಆದರೂ ಒಂದು ತಪ್ಪಿಹೋಯಿತು. ಮೂರು ವಾರ ಬಿಟ್ಟು ತೆರೆದು ನೋಡಿದಾಗ, ತಟ್ಟೆ ತುಂಬಿದರೆ ಯಂತ್ರ ನಿಲ್ಲಿಸುವ ಫ್ಲೋಟ್ ಸ್ವಿಚ್ಚಿನ ಬಿಳಿ ತಂತಿ ಒಂದು ಕಡೆ ಮಾತ್ರ ಹಳದಿಯಾಗಿತ್ತು. ಟಾರ್ಚ್ ಹಿಡಿದ ದಿನ ಅದು ತಟ್ಟೆಯ ಹಿಂದೆ ಸರಿದು ಕೂತಿತ್ತು. ತಂತಿ ಬದಲಿಸಿ, ಹೊಸದಕ್ಕೆ ಮೊದಲೇ ಫಾಯಿಲ್ ಸುತ್ತಿ ಹಾಕಿದೆ. ನೀವೂ ಹಾಕಿಸಿದರೆ ಮೂರು ವಾರ ಬಿಟ್ಟು ಒಂದು ಸಲ ತೆರೆದು ನೋಡಿ. ಯಾವುದು ಬಣ್ಣ ತಿರುಗಿದೆಯೋ ಅದನ್ನು ಬೆಳಕು ಮುಟ್ಟುತ್ತಿದೆ ಅಂತ ಅರ್ಥ.

ಕೊಳವೆಯ ಕೆಲಸ ಸುಲಭವಾಗಿತ್ತು. ಹಾಳಾದ ಎರಡು ಅಡಿ ಕತ್ತರಿಸಿ ತೆಗೆದು, ಉಳಿದದ್ದನ್ನು ಎಳೆದು ಮತ್ತೆ ಜೋಡಿಸಿದೆ. ಹಳೇ ದೀಪದ ತೂತಿಗೆ ತಗಡಿನ ತುಂಡು ತಿರುಪು ಹಾಕಿ ಮುಚ್ಚಿದೆ. ರಾತ್ರಿ ಅಟ್ಟದ ಲೈಟ್ ಆರಿಸಿ ಪೆಟ್ಟಿಗೆಯ ಸುತ್ತ ನೋಡಿದೆ. ತಾಮ್ರದ ಪೈಪಿನ ಪಕ್ಕ ಅಕ್ಕಿಕಾಳಿನಷ್ಟು ನೀಲಿ ಕಂಡಿತು. ಅಲ್ಲಿಗೂ ಫಾಯಿಲ್.

ಖರ್ಚು: ದೀಪ, ಬ್ಯಾಲಸ್ಟ್ 90 ಡಾಲರ್. ಸ್ವಿಚ್, ಟೇಪ್, ಕ್ಲೀನರ್, ಚೀಟಿ ಎಲ್ಲ ಸೇರಿ ಇನ್ನೊಂದು 70.

ಊರಿನಿಂದ ತಮ್ಮ ಕೇಳಿದ, ಮನೆಯ ಸ್ಪ್ಲಿಟ್ ಎಸಿಗೂ ಒಂದು ಹಾಕಬಹುದಾ ಅಂತ. ಬೇಡ ಅಂದೆ. ಗೋಡೆಯ ಎಸಿಯ ಮೈ ಪ್ಲಾಸ್ಟಿಕ್, ಒಳಗಿನ ಉದ್ದ ಫ್ಯಾನ್ ಪ್ಲಾಸ್ಟಿಕ್. ಗಾಳಿ ಬರುವ ಬಾಯಿಯಿಂದ ಬೆಳಕು ನೇರ ಮಂಚಕ್ಕೆ ಬೀಳುತ್ತದೆ. ಅದಕ್ಕೆ ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಬಿಚ್ಚಿಸಿ ತೊಳೆಸುವುದೇ ಸರಿ. ಆರಿಸುವ ಮುಂಚೆ ಅರ್ಧ ಗಂಟೆ ಬರೀ ಫ್ಯಾನ್ ಓಡಿಸಿ ಕಾಯಿಲ್ ಒಣಗಿಸಿದರೂ ಬೂಷ್ಟು ಎಷ್ಟೋ ಕಡಿಮೆಯಾಗುತ್ತದೆ.

2025ರ ಏಪ್ರಿಲ್. ಪೈನ್ ಮರದ ಹಳದಿ ಪರಾಗ ಕಾರಿನ ಮೇಲೆ ಅರಿಶಿನ ಚೆಲ್ಲಿದ ಹಾಗೆ ಬಿದ್ದಿದೆ. ಹೆಂಡತಿಯ ಸೀನು ಹೋದ ವರ್ಷದಷ್ಟೇ ಇದೆ. ಪರಾಗಕ್ಕೆ ಯುವಿಯಿಂದ ಏನೂ ಆಗುವುದಿಲ್ಲ. ಅದಕ್ಕೆ ಒಳ್ಳೆಯ ಫಿಲ್ಟರ್ ಬೇಕು, ಮರ್ವ್ 13 ದರ್ಜೆಯದು (ಮರ್ವ್ ಅಂದರೆ ಫಿಲ್ಟರ್ ಎಷ್ಟು ಸಣ್ಣ ಕಣ ಹಿಡಿಯುತ್ತದೆ ಅನ್ನುವ ಅಳತೆ) ಹಾಕಿದ್ದೇವೆ. ಮಧ್ಯಾಹ್ನ ಎಸಿ, ಬೆಳಗ್ಗೆ ಹೀಟರ್, ಮತ್ತೆ ಅದೇ ಹವೆ. ಆರೂವರೆಗೆ ಯಂತ್ರ ಶುರುವಾದಾಗ ಗಾಳಿ ಬರುವ ಜಾಲರಿ ಕೆಳಗೆ ನಿಂತು ಮೂಗು ಚಾಚಿದೆ. ಬಿಸಿ ತಗಡಿನ ವಾಸನೆ ಬಿಟ್ಟರೆ ಏನೂ ಇಲ್ಲ.

ಅಟ್ಟ ಹತ್ತಿ ಮುಚ್ಚಳ ತೆಗೆದೆ. ಗುಂಡಿ ಕೆಲಸ ಮಾಡಿತು, ದೀಪ ಆರಿತು. ಬೆಳಕಿನ ಕಡೆಯ ಕಾಯಿಲ್ ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿದೆ. ಬೆಳಕು ಸರಿಯಾಗಿ ತಲುಪದ ಒಳಮೂಲೆಯಲ್ಲಿ ಒಂದು ಬೆರಳಗಲ ಕಪ್ಪು ಉಳಿದಿದೆ, ಅದನ್ನು ಬ್ರಷ್ಷಿನಲ್ಲಿ ಉಜ್ಜಿ ತೆಗೆದೆ. ಹೊಸ ದೀಪ ಕೂರಿಸಿ, ಪೆಟ್ಟಿಗೆಯ ಮೇಲಿನ ಫಾಯಿಲ್ ಟೇಪಿನಲ್ಲಿ ಹೋದ ವರ್ಷದ ತಾರೀಕಿನ ಕೆಳಗೆ ಈ ವರ್ಷದ್ದು ಬರೆದೆ. ತೆಗೆದ ದೀಪದಲ್ಲಿ ಪಾದರಸ ಇದೆ, ಕಸದ ಬುಟ್ಟಿಗೆ ಹಾಕುವಂತಿಲ್ಲ. ಅದು ಹಳೇ ಬ್ಯಾಟರಿಗಳ ಜೊತೆ ಗ್ಯಾರೇಜಿನಲ್ಲಿದೆ. ಶನಿವಾರ ಕೌಂಟಿಯ ಅಪಾಯಕಾರಿ ಕಸದ ಕೇಂದ್ರಕ್ಕೆ ಕೊಟ್ಟು ಬರಬೇಕು.